‘ಟಕ್’ ಅಂತ ಮಾತ್ರ ಶಬ್ದ ಬರುತ್ತೆ, ಲಾನ್ ಮೋವರ್ ಸ್ಟಾರ್ಟ್ ಆಗ್ತಿಲ್ಲ. ಕಾರ್ಬೊರೇಟರ್ ಬಿಚ್ಚಿಸಲಾ? ರಿಪೇರಿ ಎಲ್ಲಿ ಮಾಡಿಸಲಿ?

ಬೇಡ ಸರ್, ಸದ್ಯಕ್ಕೆ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಭಾಗ) ಮುಟ್ಟಲೇಬೇಡಿ. ನಿಮ್ಮ ಶಾಲೆ ಮೈದಾನದ ಕೂತು ಓಡಿಸೋ ಗಾಡಿ ಬೇಸಿಗೆ ಪೂರ್ತಿ ಶೆಡ್ಡಲ್ಲಿ ನಿಂತಿತ್ತು, ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’ ಅಂದಿದ್ದೀರಿ. ಇಂಜಿನ್ ಸುತ್ತುತ್ತಲೇ ಇಲ್ಲ ಅಂದಮೇಲೆ ಪೆಟ್ರೋಲಿನ ವಿಚಾರ ಇನ್ನೂ ಶುರುವೇ ಆಗಿಲ್ಲ. ದಾವಣಗೆರೆಯಲ್ಲಿ ಇಂಥ ಒಂದು ಮೈದಾನದ ಗಾಡಿ ನೋಡಿಕೊಳ್ಳೋ ಕೆಲಸ ನನ್ನದು. ಪ್ರತಿ ಜೂನ್‌ನಲ್ಲೂ ಇದೇ ಪುರಾಣ.

ಆ ‘ಟಕ್’ ಒಂಥರಾ ಒಳ್ಳೇ ಸುದ್ದಿ. ಸಾಮಾನ್ಯವಾಗಿ ಸೀಟಿನ ಕೆಳಗೊಂದು, ಬ್ರೇಕ್ ಪೆಡಲ್‌ಗೊಂದು, ಬ್ಲೇಡ್ ಲಿವರಿಗೊಂದು ಸ್ವಿಚ್ ಇರುತ್ತೆ. ಕೀಯಿಂದ ಹೊರಟ ಕರೆಂಟು ಇವನ್ನು ದಾಟಿಯೇ ಸಾಲಿನಾಯ್ಡ್‌ಗೆ ಬರಬೇಕು. ಸಾಲಿನಾಯ್ಡ್ ಅಂದರೆ ಇಂಜಿನ್ ಸುತ್ತಿಸೋ ಸ್ಟಾರ್ಟರ್ ಮೋಟಾರಿಗೆ ಬ್ಯಾಟರಿ ಕರೆಂಟು ಬಿಡೋ ಸ್ವಿಚ್ಚು. ಸಾಲಿನಾಯ್ಡ್ ಟಕ್ ಅಂತಿದೆ ಅಂದರೆ ಕರೆಂಟು ಅಲ್ಲಿವರೆಗೆ ಬಂದಿದೆ, ಫ್ಯೂಸೂ ಸರಿ ಇದೆ. ಏನೂ ಶಬ್ದವೇ ಇಲ್ಲದಿದ್ದರೆ ಆಗ ಫ್ಯೂಸು, ಈ ಸ್ವಿಚ್ಚುಗಳು, ಮತ್ತೆ ಇಲಿ ಕಡಿದ ವೈರು ಹುಡುಕಬೇಕಿತ್ತು. ನಮ್ಮ ಕಡೆ ಶೆಡ್ಡುಗಳಲ್ಲಿ ಇಲಿ ಕಾಟ ಗೊತ್ತೇ ಇದೆಯಲ್ಲ, ಇಂಜಿನ್ ಕವರಿನೊಳಗೇ ಗೂಡು ಕಟ್ಟಿಬಿಡುತ್ತವೆ.

ಮೊದಲು ಬ್ಯಾಟರಿ. ಮಲ್ಟಿಮೀಟರ್ ಇಟ್ಟು ನೋಡಿ, ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕಿಂತ ಕೆಳಗಿದ್ದರೆ ಅರ್ಧ ಖಾಲಿ ಅಂತಲೇ ಲೆಕ್ಕ, ಚಾರ್ಜ್ ಮಾಡಿಸಿ. 12.6 ಇದ್ದರೂ ನಂಬಬೇಡಿ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಮೀಟರ್ ನೋಡಲಿ. ಆಗ ಅದು 9 ವೋಲ್ಟಿಗೋ ಇನ್ನೂ ಕೆಳಕ್ಕೋ ಕುಸಿದರೆ ಬ್ಯಾಟರಿ ಒಳಗೇ ಸತ್ತಿದೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಲ್ಲಿ ಚಾರ್ಜಿಲ್ಲದೆ ಕೂತ ಬ್ಯಾಟರಿ ಉಳಿಯೋದೇ ಕಷ್ಟ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ ಉಜ್ಜಿ. ಅರ್ಥ್ ವೈರ್ ಚಾಸಿಗೆ (ಗಾಡಿಯ ಕಬ್ಬಿಣದ ಚೌಕಟ್ಟಿಗೆ) ಕೂಡೋ ಬೋಲ್ಟನ್ನೂ ಬಿಚ್ಚಿ ಉಜ್ಜಿ, ಅದನ್ನು ಎಲ್ಲರೂ ಮರೀತಾರೆ.

ಕಾರಿನ ಬ್ಯಾಟರಿಯಿಂದ ಜಂಪ್ ಕೊಡೋದಾದರೆ ಕಾರಿನ ಇಂಜಿನ್ ಆಫ್ ಇರಲಿ. ಕೆಂಪನ್ನು ಕೆಂಪಿಗೆ ಕೊಡಿ, ಕಪ್ಪು ವೈರಿನ ಕೊನೆಯ ತುದಿಯನ್ನು ಮೋವರ್‌ನ ಚಾಸಿಗೆ ಹಿಡಿಸಿ.

ಬ್ಯಾಟರಿ, ಟರ್ಮಿನಲ್ ಎರಡೂ ಗಟ್ಟಿಯಾಗಿದ್ದೂ ಟಕ್ ಅಷ್ಟೇ ಬಂದರೆ ಸಾಲಿನಾಯ್ಡಿನ ಎರಡು ದಪ್ಪ ಬೋಲ್ಟುಗಳ ಮೇಲೆ ಮೀಟರ್ ಇಡಿ. ಕೀ ತಿರುಗಿಸಿ ಹಿಡಿದಾಗಲೂ 12 ವೋಲ್ಟ್ ಹಾಗೇ ನಿಂತಿದ್ದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ, ಸಾಲಿನಾಯ್ಡ್ ಬದಲಿಸಿ. ಮೀಟರ್ ಸೊನ್ನೆ ಹತ್ತಿರ ಬಂದು, ಸ್ಟಾರ್ಟರ್ ಬೋಲ್ಟಿಗೆ ಪೂರ್ತಿ ವೋಲ್ಟ್ ಬಂದೂ ಅದು ತಿರುಗದಿದ್ದರೆ ಸ್ಟಾರ್ಟರ್ ಮೋಟಾರೇ ಕೆಟ್ಟಿರಬೇಕು, ಇಲ್ಲ ಇಂಜಿನ್ ಹಿಡಿದುಕೊಂಡಿರಬೇಕು. ಕೆಲವು ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್ ಇಟ್ಟು ಆ ಎರಡು ಬೋಲ್ಟನ್ನು ಕೂಡಿಸಿ ಕಿಡಿ ಹಾರಿಸ್ತಾರೆ. ಗೇರಲ್ಲಿದ್ದರೆ ಗಾಡಿ ಎದುರಿಗಿದ್ದವರ ಮೇಲೇ ನುಗ್ಗುತ್ತೆ, ಬಿಡಬೇಡಿ. ಸೀಟ್ ಸ್ವಿಚ್ ಕಿತ್ತು ಡೈರೆಕ್ಟ್ ಮಾಡೋಣ ಅಂತ ಯಾರಾದರೂ ಅಂದರೂ ಒಪ್ಪಬೇಡಿ. ಓಡಿಸೋನು ಬಿದ್ದರೆ ಬ್ಲೇಡ್ ನಿಲ್ಲಿಸೋದು ಅದೇ, ಅದೂ ಮಕ್ಕಳು ಓಡಾಡೋ ಮೈದಾನ.

ಇಂಜಿನ್ ಅರ್ಧ ಸುತ್ತು ಬಂದು ಗಕ್ಕಂತ ನಿಲ್ಲೋದು ಬೇರೆ ರೋಗ. ಬ್ಯಾಟರಿ ಹೊಸದಿದ್ದರೂ ಹಾಗಾದರೆ ವಾಲ್ವ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತೋ ಭಾಗಕ್ಕೂ ನಡುವಿನ ಸಂದು) ನೋಡಿಸಿ. ಗ್ಯಾಪ್ ಜಾಸ್ತಿಯಾದರೆ ಸ್ಟಾರ್ಟ್ ಮಾಡುವಾಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಗಾಳಿಯ ಒತ್ತಡ) ಸ್ವಲ್ಪ ಬಿಟ್ಟುಕೊಡೋ ವ್ಯವಸ್ಥೆ ಕೆಲಸ ಮಾಡಲ್ಲ, ಸ್ಟಾರ್ಟರ್‌ಗೆ ಪಿಸ್ಟನ್ ತಳ್ಳಲಿಕ್ಕಾಗಲ್ಲ. ಇದು ಗೊತ್ತಿಲ್ಲದೆ ಸುಮ್ಮನೆ ಸ್ಟಾರ್ಟರ್ ಬದಲಿಸಿದವರು ಬೇಕಾದಷ್ಟು ಜನ.

ಇಂಜಿನ್ ಚೆನ್ನಾಗಿ ಸುತ್ತಿಯೂ ಹತ್ತದಿದ್ದರೆ ಮಾತ್ರ ಪೆಟ್ರೋಲಿಗೆ ಬನ್ನಿ. ಈಗಿನ ಪೆಟ್ರೋಲಲ್ಲಿ 20% ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಬೇಸಿಗೆಯಿಂದ ಉಳಿದದ್ದನ್ನೆಲ್ಲ ತೆಗೆದು ಹೊಸದು ಹಾಕಿ, ಹೊಸ ಸ್ಪಾರ್ಕ್ ಪ್ಲಗ್ ಹಾಕಿ. ಕಾರ್ಬೊರೇಟರ್ ಬಟ್ಟಲಿನ ಕೆಳಗೆ ವೈರು ಬಂದ ಸಣ್ಣ ಡಬ್ಬಿ ಇದ್ದರೆ ಕೀ ಆನ್ ಮಾಡಿದಾಗ ಅದೂ ಟಿಕ್ ಅನ್ನಬೇಕು. ಅನ್ನದಿದ್ದರೆ ಪೆಟ್ರೋಲ್ ಅಲ್ಲೇ ಕಟ್ ಆಗಿದೆ, ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಹಾಯೋ ಸಣ್ಣ ತೂತು) ಎಷ್ಟು ಊದಿದರೂ ಅಷ್ಟೇ.

ರಿಪೇರಿ ಎಲ್ಲಿ ಅಂತ ಕೇಳಿದ್ದಿರಿ. ಬ್ಯಾಟರಿ, ಸ್ಟಾರ್ಟರ್ ಕೆಲಸಕ್ಕೆ ಒಳ್ಳೇ ಆಟೋ ಎಲೆಕ್ಟ್ರಿಷಿಯನ್ ಸಾಕು. ಇಂಜಿನ್ ಕೆಲಸಕ್ಕೆ ಅಡಿಕೆ ತೋಟದವರ ಟಿಲ್ಲರ್, ಕಳೆ ಮಿಷನ್ ರಿಪೇರಿ ಮಾಡೋರನ್ನ ಹಿಡೀರಿ, ಚನ್ನಗಿರಿ ಕಡೆ ಅಂಥವರಿಗೆ ಬರವಿಲ್ಲ. ಬಿಡಿಭಾಗ ತರಿಸುವಾಗ ಗಾಡಿ ಹೆಸರು ಹೇಳಿದರೆ ಸಾಲದು, ಇಂಜಿನ್ ಮೇಲೆ ಒತ್ತಿರೋ ಮಾಡೆಲ್ ನಂಬರಿನ ಫೋಟೋ ಕಳಿಸಿ.