ಬಣ್ಣ ಹಚ್ಚಿಯೇ ಬರುವ 1:72 ಶರ್ಮನ್ ಟ್ಯಾಂಕು ಆಟಕ್ಕೆ ಒಗ್ಗುತ್ತದೆಯೇ?

ಕಾರ್ಖಾನೆಯಲ್ಲೇ ಬಣ್ಣ ಹಚ್ಚಿದ 1:72 ಅಳತೆಯ (ಅಂದರೆ ನಿಜಗಾತ್ರದ 72ನೇ ಒಂದು ಪಾಲಿನ) ಶರ್ಮನ್ ಟ್ಯಾಂಕುಗಳನ್ನು, ಎರಡನೇ ಮಹಾಯುದ್ಧದ ಕಾಳಗಗಳನ್ನು ಪುಟ್ಟ ಮಾದರಿಗಳಿಂದ ಮೇಜಿನ ಮೇಲೆ ಆಡುವ ಬೋಲ್ಟ್ ಆಕ್ಷನ್ ಆಟದಲ್ಲಿ ಸುಮಾರು 28 ಮಿ.ಮೀ. ಎತ್ತರದ ಆಟಿಕೆ ಸೈನಿಕರ ಜೊತೆ ಇಳಿಸಬಹುದೇ ಎಂದು ಕೇಳಿದ್ದೀರಿ. ಬೇಡವೆಂಬುದೇ ನನ್ನ ಸಲಹೆ. ನಿಜವಾದ ಶರ್ಮನ್ನಿನ ಉದ್ದ ಸುಮಾರು 5.84 ಮೀಟರ್, ಅದು 1:72ರಲ್ಲಿ ಸುಮಾರು 8 ಸೆಂ.ಮೀ. ಆದರೆ, ಆ ಸೈನಿಕರಿಗೆ ಹೊಂದುವ 1:56ರಲ್ಲಿ 10 ಸೆಂ.ಮೀ. ದಾಟುವುದರಿಂದ, ಅಕ್ಕಪಕ್ಕ ಇಟ್ಟಾಗ ನಿಮ್ಮ ಟ್ಯಾಂಕು ಕುಳ್ಳಾಗಿ ಕಾಣುತ್ತದೆ. ಅದರ ಬದಲು 1:72 ಅಳತೆಯ ಪ್ಲಾಸ್ಟಿಕ್ ಸೈನಿಕರನ್ನೇ ಕೊಳ್ಳಿ. ನಿಯಮಗಳಲ್ಲಿರುವ ಇಂಚಿನ ಅಳತೆಗಳನ್ನು ಹಾಗೆಯೇ ಉಳಿಸಿಕೊಂಡು ಆಡಬಹುದು.

ಬಣ್ಣವನ್ನು ಪೂರ್ತಿ ಕೆರೆದು ಮತ್ತೆ ಹಚ್ಚುವ ಅಗತ್ಯವಿಲ್ಲ. ನೀರಾಗಿಸಿದ ಕಡುಕಂದು ಬಣ್ಣವನ್ನು ಮೊದಲು ಟ್ಯಾಂಕಿನ ಹೊಟ್ಟೆಯ ಕೆಳಗೆ ಹಚ್ಚಿ ಪರೀಕ್ಷಿಸಿ, ಮೂಲ ಬಣ್ಣ ಏಳದಿದ್ದರೆ ಚಕ್ರಗಳ ಸಂದಿಗೂ ಎಂಜಿನ್ ಜಾಲರಿಗೂ ಇಳಿಯಬಿಡಿ. ಒಣಗಿದ ಮೇಲೆ ಮ್ಯಾಟ್ ವಾರ್ನಿಶ್ ಸಿಂಪಡಿಸಿದರೆ ಆಟಿಕೆಯ ಹೊಳಪು ಅಡಗಿ, ಚಕ್ರಗಳನ್ನು ಸುತ್ತುವರಿದ ಪಟ್ಟಿಗೆ ಮೆತ್ತಿದ ಕೆಸರು ಒಣಗಿದಂತೆ ಕಾಣುತ್ತದೆ, ಆ ನೋಟ ನನಗೆ ಬಹಳ ಇಷ್ಟ. ಪ್ರದರ್ಶನಕ್ಕೆಂದು ಮಾಡಿದ ಮಾದರಿಗಳ ತೋಪಿನ ನಳಿಗೆ ಬಲು ತೆಳು. ನನ್ನದೊಂದು ಎರಡನೆಯ ಆಟದಲ್ಲೇ ಬುಡದಲ್ಲಿ ಮುರಿದಿತ್ತು. ಆದ್ದರಿಂದ ಟ್ಯಾಂಕನ್ನು ಯಾವಾಗಲೂ ಒಡಲಿನ ಎರಡೂ ಬದಿ ಹಿಡಿದೇ ಎತ್ತಿ.