ಜುಮ್ಮು, ಖಾರ ಮತ್ತು ಕೆಂಪೆಣ್ಣೆ: ಸಿಚುವಾನ್ ಅಡುಗೆಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಾಪೋ ತೋಫು ಎರಡು ಸಲ ಮಾಡಿ ನೋಡಿದೆ. ತೋಫು ಪುಡಿಯಾಯಿತು, ಮೇಲೆ ಕೆಂಪೆಣ್ಣೆ ತೇಲಲಿಲ್ಲ, ಗಟ್ಟಿಯಾಗಿದ್ದ ರಸ ತಟ್ಟೆಗೆ ಬರುವಷ್ಟರಲ್ಲಿ ನೀರಾಯಿತು. ತಪ್ಪು ಎಲ್ಲಿ? (ಹುಬ್ಬಳ್ಳಿಯ ಓದುಗರು)

ಮಾಪೋ ತೋಫು ಅಂದರೆ ಚೀನಾದ ಸಿಚುವಾನ್ ಪ್ರಾಂತ್ಯದ, ಖಾರದ ಕೆಂಪು ರಸದಲ್ಲಿ ಬೇಯಿಸಿದ ತೋಫು (ಸೋಯಾ ಹಾಲಿನ ಪನೀರ್). ನಿಮ್ಮ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇದೆ. ಮೊದಲು ತೋಫು. 400 ಗ್ರಾಂ ಮೆತ್ತನೆಯ ತೋಫುವನ್ನು 2 ಸೆಂ.ಮೀ. ತುಂಡು ಮಾಡಿ, ಒಂದು ಚಮಚ ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಐದು ನಿಮಿಷ ಬಿಡಿ. ನೀರು ಕುದಿಯಬಾರದು, ಸಣ್ಣಗೆ ಅಲುಗಾಡುತ್ತಿದ್ದರೆ ಸಾಕು. ಇದರಿಂದ ಹಸಿ ಸೋಯಾ ವಾಸನೆ ಹೋಗುತ್ತದೆ, ತುಂಡು ಬಿಗಿಯಾಗುತ್ತದೆ. ಬಾಣಲೆಗೆ ಹಾಕಿದ ಮೇಲೆ ಸೌಟಿನಿಂದ ತಿರುವಬೇಡಿ, ಸೌಟಿನ ಬೆನ್ನಿನಿಂದ ಮುಂದಕ್ಕೆ ಮೆಲ್ಲಗೆ ತಳ್ಳಿ.

ಕೆಂಪೆಣ್ಣೆ ಈ ಅಡುಗೆಯ ಜೀವ. ಅದು ಬರುವುದು ದೌಬಾನ್‌ಜಿಯಾಂಗ್‌ನಿಂದ. ಫಾವಾ ಬೀನ್ಸ್, ಮೆಣಸಿನಕಾಯಿ, ಉಪ್ಪು ಸೇರಿಸಿ ಹುದುಗಿಸಿದ ಹಿಂಡಿ ಇದು. ಸಿಚುವಾನಿನ ರಾಜಧಾನಿ ಚೆಂಗ್ಡು ಪಕ್ಕದ ಪಿಶಿಯಾನ್‌ನದು ಹೆಸರುವಾಸಿ. ಅಲ್ಲಿ ಜಾಡಿಗಳನ್ನು ಹಗಲು ಬಿಸಿಲಿಗೆ ತೆರೆದಿಟ್ಟು, ಕಲಕುತ್ತಾ, ಮಳೆ ಬಂದರೆ ಮುಚ್ಚುತ್ತಾ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಲ್ಲ. ಹಾಗಾಗಿ ನಾಲ್ಕು ದೊಡ್ಡ ಚಮಚ ಎಣ್ಣೆಗೆ ಎರಡೂವರೆ ದೊಡ್ಡ ಚಮಚ ಹಿಂಡಿ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಎಣ್ಣೆ ಕಡುಗೆಂಪಾಗಿ ಹಿಂಡಿಯಿಂದ ಬಿಟ್ಟುಕೊಳ್ಳುವವರೆಗೆ ಕಾಯಲೇಬೇಕು. ಅದಕ್ಕೂ ಮುಂಚೆ ನೀರು ಬಿದ್ದರೆ ಬಣ್ಣ ಒಳಗೇ ಉಳಿಯುತ್ತದೆ. ಉರಿ ಜೋರಾದರೆ ಹಿಂಡಿ ಸೀದು ಇಡೀ ಅಡುಗೆ ಕಹಿಯಾಗುತ್ತದೆ, ಆಮೇಲೆ ಸರಿಪಡಿಸುವ ದಾರಿಯಿಲ್ಲ. ಎರಡು ಚಿಕ್ಕ ಚಮಚ ಬ್ಯಾಡಗಿ ಪುಡಿಯನ್ನೂ ಇಲ್ಲೇ ಸೇರಿಸಬಹುದು. ಬಣ್ಣ ಹೆಚ್ಚು, ಖಾರ ಹದವಾಗಿರುವ ಮೆಣಸಿನಕಾಯಿಯೇ ಈ ಅಡುಗೆಗೆ ಒಪ್ಪುವುದು. ಗುಂಟೂರು ಬೇಡ.

ಹಿಂಡಿ ಬಣ್ಣ ಬಿಟ್ಟ ಮೇಲೆ ಶುಂಠಿ, ಬೆಳ್ಳುಳ್ಳಿ ಮತ್ತು ಹುದುಗಿಸಿದ ಕಪ್ಪು ಸೋಯಾ ಕಾಳು ಒಂದು ದೊಡ್ಡ ಚಮಚ ಹಾಕಿ ಬಾಡಿಸಿ. ನಂತರ 200 ಮಿ.ಲೀ. ನೀರು ಅಥವಾ ಸ್ಟಾಕ್, ಆಮೇಲೆ ತೋಫು. ಮೂಲದಲ್ಲಿ ದನದ ಕೈಮಾ ಬಳಸುತ್ತಾರೆ. ಸಸ್ಯಾಹಾರಿಗಳು ನೆನೆಸಿ ಸಣ್ಣಗೆ ಹೆಚ್ಚಿದ ಶಿಟಾಕೆ ಅಣಬೆಯನ್ನು ಮೊದಲೇ ಹುರಿದಿಟ್ಟುಕೊಂಡು ಹಾಕಿದರೆ ರುಚಿಗೆ ಕೊರತೆಯಿಲ್ಲ. ಹಿಂಡಿಯಲ್ಲೇ ಉಪ್ಪು ಬಹಳ ಇರುತ್ತದೆ, ನಾಲಿಗೆಗೆ ಹಚ್ಚಿ ನೋಡದೆ ಸೋಯಾ ಸಾಸ್ ಸುರಿಯಬೇಡಿ.

ರಸ ನೀರಾಗುವುದು ತೋಫು ನೀರು ಬಿಡುತ್ತಲೇ ಇರುವುದರಿಂದ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಎರಡು ಚಮಚ ನೀರಿನಲ್ಲಿ ಕದಡಿ ಮೂರು ಕಂತಿನಲ್ಲಿ ಹಾಕಿ, ಪ್ರತಿ ಸಲವೂ ಅರ್ಧ ನಿಮಿಷ ಕುದಿಯಲಿ. ಕೊನೆಯ ಕಂತಿನ ನಂತರ ರಸ ತೋಫುವಿಗೆ ಅಂಟಿಕೊಂಡು, ಅಂಚಿನಲ್ಲಿ ಕೆಂಪೆಣ್ಣೆ ಉಂಗುರದಂತೆ ನಿಲ್ಲಬೇಕು.

ಪ್ರಶ್ನೆ: ಸಿಚುವಾನ್ ಪೆಪ್ಪರ್ ಸಿಗಲಿಲ್ಲ. ಕರಿಮೆಣಸು ಹಾಕಬಹುದೇ? (ಶಿವಮೊಗ್ಗದ ಓದುಗರು)

ಬೇಡ. ಹೆಸರಲ್ಲಿ ಪೆಪ್ಪರ್ ಇದ್ದರೂ ಕರಿಮೆಣಸಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದು ನಿಂಬೆಯ ಕುಟುಂಬದ್ದು. ಅದರ ಸ್ವಂತ ಕುಲದ ಬಂಧು ನಿಮ್ಮ ಘಟ್ಟದಲ್ಲೇ ಇದೆ: ಜುಮ್ಮನಕಾಯಿ, ಕೊಂಕಣಿಗರು ಬಂಗುಡೆ ಸಾರಿಗೆ ಹಾಕುವ ತೆಪ್ಪಲ. ಕಾಲು ಜೋಮು ಹಿಡಿದಾಗ ‘ಜುಮ್ ಅಂತಿದೆ’ ಅನ್ನುತ್ತೇವಲ್ಲ, ಅದೇ ಅನುಭವ ನಾಲಿಗೆಯ ಮೇಲೆ ಆಗುವುದನ್ನು ಚೀನೀಯರು ‘ಮಾ’ ಎನ್ನುತ್ತಾರೆ, ಖಾರಕ್ಕೆ ‘ಲಾ’. ಸಿಚುವಾನಿನ ಹೆಗ್ಗುರುತಾದ ‘ಮಾಲಾ’ ಅಂದರೆ ಈ ಎರಡರ ಜೋಡಿ.

ಆದರೆ ಜುಮ್ಮನಕಾಯಿಯೂ ಸಿಚುವಾನ್ ಪೆಪ್ಪರೂ ಒಂದೇ ಅಲ್ಲ, ಪರಿಮಳ ಬೇರೆ. ಬದಲಿಗೆ ಬಳಸುವುದಾದರೆ ಬೀಜ ಪೂರ್ತಿ ತೆಗೆದು, ಸಿಪ್ಪೆಯನ್ನು ಮಾತ್ರ, ಹೇಳಿದ ಅಳತೆಯ ಅರ್ಧದಿಂದ ಶುರುಮಾಡಿ. ಅಸಲಿ ಸಿಚುವಾನ್ ಪೆಪ್ಪರ್ ಸಿಕ್ಕರೂ ಕಪ್ಪು ಬೀಜ ಆರಿಸಿ ಎಸೆಯಿರಿ, ಅದು ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಸಿಪ್ಪೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಹುರಿದು, ಆರಿಸಿ, ಪುಡಿ ಮಾಡಿ, ಜರಡಿ ಹಿಡಿಯಿರಿ. ಪುಡಿಯ ಘಮ ಬೇಗ ಇಳಿಯುತ್ತದೆ, ಆದ್ದರಿಂದ ಬೇಕಾದಷ್ಟೇ ಮಾಡಿಕೊಳ್ಳಿ. ಮಾಪೋ ತೋಫುವಿಗೆ ಅರ್ಧ ಚಿಕ್ಕ ಚಮಚ, ಅದೂ ಒಲೆ ಆರಿಸಿದ ಮೇಲೆ.

ಪ್ರಶ್ನೆ: ಹೋಟೆಲಿನ ಶೆಜ್ವಾನ್ ಫ್ರೈಡ್ ರೈಸ್ ಸಿಚುವಾನಿನದೇ? (ಬೆಂಗಳೂರಿನ ಓದುಗರು)

ಅಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ವಿನೆಗರ್ ಸೇರಿಸಿದ ಆ ಕೆಂಪು ಚಟ್ನಿ ಭಾರತದ ಚೀನೀ ಹೋಟೆಲುಗಳ ಸೃಷ್ಟಿ. ಸಾಮಾನ್ಯವಾಗಿ ಅದರಲ್ಲಿ ಹುದುಗಿಸಿದ ಹಿಂಡಿಯೂ ಇರುವುದಿಲ್ಲ, ಜುಮ್ಮೂ ಇರುವುದಿಲ್ಲ. ಅದರ ರುಚಿ ಅದಕ್ಕೆ. ಮಾಪೋ ತೋಫುವಿಗೆ ಮಾತ್ರ ಅದನ್ನು ಹಾಕಬೇಡಿ.

ಪ್ರಶ್ನೆ: ಕುಂಗ್ ಪಾವ್ ಚಿಕನ್‌ನಲ್ಲಿ ಕಡಲೆಕಾಯಿ ಬೀಜ ಮೆತ್ತಗಾಗುತ್ತದೆ, ಮೆಣಸಿನಕಾಯಿ ಕಪ್ಪಾಗುತ್ತದೆ. (ಮಂಗಳೂರಿನ ಓದುಗರು)

ಹುರಿದ ಬೀಜವನ್ನು ಪೂರ್ತಿ ಆರಿಸಿ, ಒಲೆ ಆರಿಸುವ ಕ್ಷಣದಲ್ಲಿ ಸೇರಿಸಿ. ಬಿಸಿ ಬೀಜ ಸಾಸಿಗೆ ಬಿದ್ದರೆ ಗರಿ ಉಳಿಯದು. ಒಣಮೆಣಸಿನಕಾಯಿಯನ್ನು 2 ಸೆಂ.ಮೀ. ಕತ್ತರಿಸಿ ಬೀಜ ಕೊಡವಿ, ಎಣ್ಣೆ ಹೊಗೆಯಾಡುವ ಮುಂಚೆ ಹಾಕಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಬಣ್ಣ ಗಾಢವಾದೊಡನೆ ಕೋಳಿ ಬೀಳಬೇಕು, ಅದಕ್ಕಾಗಿ ಎಲ್ಲವೂ ಕೈಯಳತೆಯಲ್ಲಿರಲಿ. 300 ಗ್ರಾಂ ಕೋಳಿಗೆ ಒಂದು ದೊಡ್ಡ ಚಮಚ ಸಕ್ಕರೆ, ಅಷ್ಟೇ ಕಪ್ಪು ವಿನೆಗರ್. ಸಿಚುವಾನಿನಲ್ಲಿ ಬಳಸುವುದು ಲಾಂಗ್‌ಝೋಂಗ್‌ನ ಬಾವೊನಿಂಗ್ ವಿನೆಗರ್. ಬಿಳಿ ವಿನೆಗರ್ ಹೆಚ್ಚು ಚುರುಕು, ಮೂರನೇ ಎರಡರಷ್ಟು ಸಾಕು. ಈ ಸಿಹಿಹುಳಿಗೆ ಅಲ್ಲಿ ‘ಲಿಚಿ ರುಚಿ’ ಎಂದೇ ಹೆಸರು. ಅಂದಹಾಗೆ, 1886ರಲ್ಲಿ ತೀರಿಕೊಂಡ ಸಿಚುವಾನಿನ ಗವರ್ನರ್ ಡಿಂಗ್ ಬಾವೊಜೆನ್ ಅವರ ಪದವಿ ‘ಗೊಂಗ್‌ಬಾವೊ’ದಿಂದ ಈ ಅಡುಗೆಗೆ ಹೆಸರು ಬಂತು.

ಪ್ರಶ್ನೆ: ಸೊಪ್ಪು ತರಕಾರಿ ತಿನ್ನುವವರಿಗೆ ಸುಲಭದ್ದೊಂದು ಹೇಳಿ. (ಧಾರವಾಡದ ಓದುಗರು)

ಹುರುಳಿಕಾಯಿಯ ಗಾನ್‌ಬಿಯಾನ್, ಅಂದರೆ ಒಣಗುವಂತೆ ಹುರಿದದ್ದು. 300 ಗ್ರಾಂ ಬೀನ್ಸ್ ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಬೆರಳುದ್ದ ಮುರಿದು, ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ನಡು ಉರಿಯಲ್ಲಿ ಸಿಪ್ಪೆ ಸುಕ್ಕಾಗಿ ಕಂದು ಚುಕ್ಕೆ ಬರುವವರೆಗೆ ಹುರಿಯಿರಿ. ಬಾಣಲೆ ತುಂಬಾ ತುಂಬಿದರೆ ಹುರಿಯದೆ ಬೇಯುತ್ತವೆ, ಎರಡು ಸರದಿಯಲ್ಲಿ ಮಾಡಿ. ಎತ್ತಿಟ್ಟು, ಅದೇ ಎಣ್ಣೆಗೆ ಒಣಮೆಣಸಿನಕಾಯಿ, ಸಿಚುವಾನ್ ಪೆಪ್ಪರ್, ಬೆಳ್ಳುಳ್ಳಿ, ಯಿಬಿನ್ ಊರಿನ ಸಾಸಿವೆ ಗಿಡದ ಉಪ್ಪಿನಕಾಯಿ ‘ಯಾಚಾಯ್’ ಎರಡು ಚಮಚ ಹಾಕಿ, ಬೀನ್ಸ್ ಮರಳಿ ಸೇರಿಸಿ ಕೈಯಾಡಿಸಿ. ಹಸಿರು ಉಳಿಯಲೆಂದು ಬೇಗ ಇಳಿಸಬೇಡಿ. ಅರೆಬೆಂದ ಬೀನ್ಸಿನಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ, ಹೊಟ್ಟೆನೋವು ತರುತ್ತದೆ. ಒಂದನ್ನು ಮುರಿದು ಕಚ್ಚಿ ನೋಡಿ, ಹಸಿ ವಾಸನೆ ಇದ್ದರೆ ಇನ್ನೂ ಎರಡು ನಿಮಿಷ ಇರಲಿ.