ಸಂಪಾದಕರ ಉತ್ತರ: ಹಿಂದೆ ಯಾಕೆ ನಿಲ್ಲಬೇಕು?

(ಸಿಂಧನೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ: ಅವರ ಓಣಿಯ ಭಜನಾ ಮಂಡಳಿಯಲ್ಲಿ ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಸೆನೆಗಲ್ ದೇಶದಿಂದ ಕೋರಾ ಎಂಬ ತಂತಿವಾದ್ಯ ನುಡಿಸುವವರೊಬ್ಬರು, ಜೆಂಬೆ ಎಂಬ ಚರ್ಮವಾದ್ಯ ಬಾರಿಸುವವರೊಬ್ಬರು ಕೊಪ್ಪಳಕ್ಕೆ ಬರುತ್ತಿದ್ದಾರೆ. ಅವರ ಜೊತೆ ಹಾಡಲು ಮಂಡಳಿಗೆ ಕರೆ ಬಂದಿದೆ. "ನೀವು ಹಿಂದೆ ನಿಂತು ಸುಮ್ನೆ ದನಿಗೂಡಿಸಿದರೆ ಸಾಕು" ಎಂದಿದ್ದಾರೆ ಸಂಘಟಕರು. "ದಾಸರ ಪದ ಕೆಡ್ತದ, ಹೋಗಬ್ಯಾಡ್ರಿ" ಎನ್ನುತ್ತಿದ್ದಾರೆ ಮಂಡಳಿಯ ಹಿರಿಯರೊಬ್ಬರು. ಏನು ಮಾಡೋಣ ಎಂದು ಕೇಳಿದ್ದಾರೆ.)

ಅಕ್ಕೋರೆ, ನಮಸ್ಕಾರ.

ಹೋಗಿ, ಹಾಡಿ. ಆದರೆ ಹಿಂದೆ ನಿಲ್ಲಬೇಡಿ.

ಮೊದಲು ನಿಮ್ಮ ಹಿರಿಯರ ಮಾತು. ಮಾನ್ವಿಯ ಜಗನ್ನಾಥದಾಸರು, ಮೊಸರಕಲ್ಲಿನ ಗೋಪಾಲದಾಸರು ಓಡಾಡಿದ ಸೀಮೆಯವರು ಅವರು. ಆ ಆತಂಕ ಇರುವುದೇ. ಆದರೆ ದಾಸರು ಹಾಡಿದ ಮೂಲ ಧಾಟಿಗಳು ಹೆಚ್ಚಿನವು ನಮ್ಮವರೆಗೆ ಬಂದಿಲ್ಲ. ಅದೇ ಪದವನ್ನು ರಾಯಚೂರಿನಲ್ಲಿ ಒಂದು ರಾಗದಲ್ಲಿ, ಬೆಂಗಳೂರಿನಲ್ಲಿ ಇನ್ನೊಂದು ರಾಗದಲ್ಲಿ ಹಾಡುತ್ತಾರೆ. ಧಾಟಿ ಬದಲಾದರೆ ಪದ ಕೆಡುತ್ತದೆ ಅನ್ನುವುದಾದರೆ ಅದು ಯಾವಾಗಲೋ ಕೆಟ್ಟಿರಬೇಕಿತ್ತು, ಅಲ್ವಾ? ಪದ ಕೆಡುವುದು ಅದರ ಮಾತು ಕೇಳಿಸದೆ ಹೋದಾಗ. ಆ ಅಪಾಯ ಇಲ್ಲಿ ನಿಜಕ್ಕೂ ಇದೆ. ಜೆಂಬೆಗೆ ಆಡಿನ ಚರ್ಮ ಬಿಗಿದಿರುತ್ತದೆ, ದನಿ ಬಲು ಜೋರು. ಅದು ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮ ಮೈಕ್‌ಗಳೂ ಅದನ್ನೇ ಹಿಡಿಯುತ್ತವೆ. ಪಕ್ಕಕ್ಕೆ ಕೂರಿಸಿ ಎಂದು ಸೌಂಡಿನವರಿಗೆ ಮೊದಲೇ ಹೇಳಿ.

ಇನ್ನು ಸಂಘಟಕರು. ಬಂದವರು ಮುಂದೆ, ಊರವರು ಹಿಂದೆ ಎನ್ನುವುದು ಅವರ ಲೆಕ್ಕ. ಬರುವ ಕಲಾವಿದರದ್ದು ಹಾಗೆ ಇರಲಿಕ್ಕಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ ಕೋರಾ ತಲೆಮಾರಿನಿಂದ ತಲೆಮಾರಿಗೆ ಬರುವ ವಿದ್ಯೆ. ಆ ಮನೆತನದವರು ರಾಜರ, ವೀರರ ಕಥೆಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. ನಮ್ಮ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳನ್ನು ಅಕ್ಷರದ ಹಂಗಿಲ್ಲದೆ ಹಾಡುತ್ತಿದ್ದರಲ್ಲ, ಅಂಥ ಪರಂಪರೆ ಅದು. ಮುಂದಿನವರು ಸೊಲ್ಲು ಕೊಡುವುದು, ಹಿಂದಿನವರು ಹಿಡಿಯುವುದು ಅವರಿಗೂ ಗೊತ್ತಿರುವ ಕ್ರಮವೇ. ನೀವು ಸೊಲ್ಲು ಕೊಡಿ, ಕೋರಾ ಹಿಡಿಯಲಿ. ಆಮೇಲೆ ಅವರು ಕೊಡಲಿ, ನೀವು ಹಿಡಿಯಿರಿ.

ನಿಜವಾದ ಕೆಲಸ ಇರುವುದು ಶ್ರುತಿಯಲ್ಲಿ. ಇದನ್ನು ಹಾರ್ಮೋನಿಯಂ ನುಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಕೋರಾಗೆ 21 ತಂತಿ. ಅರ್ಧ ಸೋರೆಬುರುಡೆಗೆ ದನದ ಚರ್ಮ ಹೊದಿಸಿ ಮಾಡುತ್ತಾರೆ. ಹಳೆಯ ಬಗೆಯದಾದರೆ ಕೊರಳಿಗೆ ಸುತ್ತಿದ ಚರ್ಮದ ಉಂಗುರಗಳನ್ನು ಸರಿಸಿ ಶ್ರುತಿ ಮಾಡಬೇಕು. ವೇದಿಕೆಯ ಮೇಲೆ ಹಾಡಿನಿಂದ ಹಾಡಿಗೆ ಬದಲಿಸುವ ಮಾತೇ ಇಲ್ಲ. ಸಾಮಾನ್ಯವಾಗಿ ಅದರ ಆಧಾರಸ್ವರ ಬಿಳಿ ನಾಲ್ಕರ (ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ) ಆಸುಪಾಸಿನಲ್ಲಿರುತ್ತದೆ, ಸ್ವರಗಳು ಹೆಚ್ಚುಕಡಿಮೆ ನಮ್ಮ ಬಿಲಾವಲ್ ಥಾಟಿನವು, ಅಂದರೆ ಎಲ್ಲವೂ ಶುದ್ಧಸ್ವರಗಳು. ಹೆಂಗಸರು ಬಿಳಿ ನಾಲ್ಕಕ್ಕೆ ಹಾಡಹೊರಟರೆ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ದನಿಯೇ ಏಳುವುದಿಲ್ಲ. ಅಲ್ಲೇ ಇಂಥ ಎಷ್ಟೋ ಕಾರ್ಯಕ್ರಮಗಳು ಮುಗ್ಗರಿಸುವುದು.

ಆದರೆ ಅವರ ಷಡ್ಜವೇ (ಆಧಾರದ ಸ ಸ್ವರವೇ) ನಿಮ್ಮ ಷಡ್ಜ ಆಗಬೇಕಿಲ್ಲ. ಅದೇ ಏಳು ಸ್ವರ ಇಟ್ಟುಕೊಂಡು ನಿಮ್ಮ ಷಡ್ಜವನ್ನು ಕರಿ ಐದಕ್ಕೆ ಹಿಡಿಯಿರಿ. ಒಂದು ತಂತಿಯನ್ನೂ ಮುಟ್ಟದೆ ರಾಗ ಯಮನ್‌ನ ಸ್ವರಗಳು ಸಿಗುತ್ತವೆ. ಬಿಳಿ ಆರಕ್ಕೆ ಇಳಿಸಿದರೆ ಭೈರವಿ. ಎರಡೂ ಹೆಂಗಸರ ಕೊರಳಿಗೆ ಕೂರುವ ಶ್ರುತಿಗಳೇ. ಯಮನ್‌ನಲ್ಲಿ ಶುರು ಮಾಡಿ ಮಂಗಳವನ್ನು ಭೈರವಿಯಲ್ಲಿ ಹಾಡಿದರೆ ಸಂಜೆಯ ಕಾರ್ಯಕ್ರಮಕ್ಕೆ ಇನ್ನೇನು ಬೇಕು? ಭೈರವ್, ತೋಡಿ ಆಸೆ ಬಿಡಿ, ಆ ತಂತಿಗಳಲ್ಲಿ ಅವು ಹುಟ್ಟುವುದಿಲ್ಲ. ಇನ್ನೊಂದು ವಿಷಯ: ಕೋರಾದ ಸ್ವರಗಳು ಹಾರ್ಮೋನಿಯಂಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತವೆ ಅಂತೇನಿಲ್ಲ. ಕಿವಿಗೆ ಕಿರಿಕಿರಿ ಅನಿಸಿದರೆ ಆ ಹಾಡಿಗೆ ಹಾರ್ಮೋನಿಯಂ ಮುಚ್ಚಿಡಿ. ನುಡಿಸುವವರು ಬೇಸರ ಮಾಡಿಕೊಳ್ಳಬಾರದು.

ತಾಳದ ಚಿಂತೆ ಕಡಿಮೆ. ಜೆಂಬೆಯವರಿಗೆ ಆರರ ನಡೆ, ಎಂಟರ ನಡೆ ಎರಡೂ ಸಲೀಸು, ನಿಮ್ಮ ದಾದ್ರಾ, ಕೆಹರವಾ ಹೊಂದುತ್ತವೆ. ಭಜನೆಯಲ್ಲಿ ಲಯ ಏರಿಸುತ್ತಾ ಹೋಗುತ್ತೀರಲ್ಲ, ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೈಸನ್ನೆ ಮಾಡುವವರು ಒಬ್ಬರೇ ಇರಲಿ. ಅವರು ಮಂಡಳಿಯವರೇ ಆಗಿರಲಿ. ಪಾಶ್ಚಾತ್ಯ ಕಾಯರ್ ಹಾಗೆ ನಾಲ್ಕು ದನಿಯಾಗಿ ಒಡೆದು ಹಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ನಗುತ್ತಾ ಬೇಡ ಅನ್ನಿ. ಎಲ್ಲರೂ ಒಂದೇ ಧಾಟಿ ಹಿಡಿದಾಗ ಬರುವ ತೂಕ ಬೇರೆ.

ನಮ್ಮ ಕರ್ನಾಟಕದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ ಧ್ವನಿಮುದ್ರಣ ಮಾಡಿದರು. ಅದರಲ್ಲಿ ಆರ್.ಎ. ರಮಾಮಣಿಯವರ ಕಂಠ ಸ್ಯಾಕ್ಸೊಫೋನಿನ ಹಿಂದೆ ಅಡಗಿಲ್ಲ, ಎದುರೆದುರು ನಿಂತಿದೆ. ಅವರೆಲ್ಲ ಜೊತೆಗೆ ಕೂತು ಅಭ್ಯಾಸ ಮಾಡಿದವರು. ಕಾರ್ಯಕ್ರಮದ ದಿನ ಮಧ್ಯಾಹ್ನ ಭೇಟಿಯಾಗಿ ಸಂಜೆಗೆ ಹಾಡಿ ಎಂದರೆ ಒಪ್ಪಬೇಡಿ. ಕನಿಷ್ಠ ಎರಡು ದಿನ ತಾಲೀಮು ಕೇಳಿ. ನಿಮ್ಮ ಎರಡು ಪದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಶ್ರುತಿ ಯಾವುದು ಎಂದು ಬರೆದು ಈಗಲೇ ಕಳಿಸಿ. ಅವರ ಒಂದು ಹಾಡನ್ನೂ ತರಿಸಿಕೊಂಡು ಕಲಿಯಿರಿ. ಭಾಷೆ ಬಾರದಿದ್ದರೂ ಪಲ್ಲವಿಯಷ್ಟಾದರೂ ಬಾಯಿಗೆ ಬರಲಿ.

ಪೋಸ್ಟರಿನಲ್ಲಿ "ಮತ್ತು ಸ್ಥಳೀಯ ಕಲಾವಿದರು" ಅಂತ ಹಾಕಿದರೆ ತಿದ್ದಿಸಿ. ಗೌರವಧನ, ಬಸ್ ಖರ್ಚು, ಊಟ, ರಾತ್ರಿ ಉಳಿಯುವ ವ್ಯವಸ್ಥೆ, ವಿಡಿಯೊ ಯಾರ ಕೈಗೆ ಹೋಗುತ್ತದೆ ಎನ್ನುವುದು, ಎಲ್ಲ ಬರಹದಲ್ಲಿ ಇರಲಿ. ಇದನ್ನು ಕೇಳಲು ಭಜನೆಯವರು ಸಂಕೋಚ ಪಡುತ್ತಾರೆ, ನನಗೆ ಗೊತ್ತು. ಸಂಕೋಚ ಬೇಡ.

ಮೊದಲ ಪದಕ್ಕೆ ಸೊಲ್ಲು ಕೊಡುವ ಕೆಲಸವನ್ನು ಆ ಹಿರಿಯರಿಗೇ ಒಪ್ಪಿಸಿ ನೋಡಿ. ಪದ ಕೆಡದ ಹಾಗೆ ಕಾಯಲು ಅವರಿಗಿಂತ ಬೇರೆ ಯಾರು ಬೇಕು?

ಪತ್ರದಲ್ಲಿ ಕಾರ್ಯಕ್ರಮದ ತಾರೀಖು ಬರೆದಿಲ್ಲ. ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಮಂಡಳಿಯ ಹೆಸರು ಮೊದಲು ಬರುವ ಹಾಗೆ.